ನಮ್ಮ ಪಂಪಿನ ಕರೆಂಟು ಅಳೆದವರು ಯಾರು?

ಅರಸೀಕೆರೆ ಸುತ್ತಿನ ಹೊಲಗಳಿಗೆ ಹೋಗಿ ನೋಡಿ. ಬೋರ್ ಇದೆ, ಸ್ಟಾರ್ಟರ್ ಡಬ್ಬಿ ಇದೆ, ಮೀಟರ್ ಮಾತ್ರ ಹುಡುಕಬೇಕು. ರಾಜ್ಯದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ 2008ರಿಂದ ಬಿಲ್ ಇಲ್ಲ. ಬಿಲ್ ಇಲ್ಲದ ಮೇಲೆ ಮೀಟರ್ ಯಾಕೆ ಅಂತ ನಾವೂ ಸುಮ್ಮನಾದೆವು. ಎಡವಿದ್ದು ಅಲ್ಲೇ.

ಅಳೆಯದಿದ್ದರೂ ಲೆಕ್ಕ ಬರೆಯಲೇಬೇಕಲ್ಲ! ಕೆಲವು ಫೀಡರ್, ಕೆಲವು ಟಿಸಿಗಳ ಮೀಟರ್ ನೋಡಿ, ಒಂದು ಪಂಪಿಗೆ ಇಷ್ಟು ಯೂನಿಟ್ ಎಂದು ಅಂದಾಜಿಸಿ, ಪಂಪುಗಳ ಸಂಖ್ಯೆಯಿಂದ ಗುಣಿಸುತ್ತಾರೆ. ಈ ಅಂದಾಜು ಹಿಗ್ಗಿದಷ್ಟೂ ವಿತರಣಾ ಕಂಪನಿಯ ನಷ್ಟ ಕಡಿಮೆ ಕಾಣುತ್ತದೆ. ತಂತಿಯಲ್ಲಿ ಸೋರಿದ್ದು, ಕೊಕ್ಕೆ ಹಾಕಿ ಕದ್ದದ್ದು ಎಲ್ಲವನ್ನೂ ರೈತನ ಖಾತೆಗೆ ತಳ್ಳಬಹುದು. ಸರ್ಕಾರ ಸಬ್ಸಿಡಿ ಕಟ್ಟುವುದೂ ಇದೇ ಲೆಕ್ಕದ ಮೇಲೆ.

ಇಂಥ ಅಂದಾಜುಗಳೇ ದೆಹಲಿಯ ಕೇಂದ್ರ ವಿದ್ಯುತ್ ಪ್ರಾಧಿಕಾರದ ಅಂಕಿಅಂಶಕ್ಕೆ ಸೇರಿ, ಪ್ಯಾರಿಸ್‌ನ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಪಟ್ಟಿಯವರೆಗೆ ಹೋಗುತ್ತವೆ. ಅಲ್ಲಿ ‘ಕೃಷಿ’ ಎಂಬ ಸಾಲಿನಲ್ಲಿ, ಕಾರ್ಖಾನೆಯ ಅಳೆದ ಯೂನಿಟ್‌ಗಳ ಪಕ್ಕ, ಗಂಭೀರವಾಗಿ ಕೂರುತ್ತವೆ. ಆಮೇಲೆ ಟಿವಿಯಲ್ಲಿ ‘ರೈತರು ಪುಕ್ಕಟೆ ಕರೆಂಟು ಪೋಲು ಮಾಡ್ತಾರೆ’ ಅಂತ ಪಾಠ. (ನೂರಕ್ಕೆ 10 ಮನೆಗೆ ಲೈಟ್ ಬಂದರೆ ಇಡೀ ಹಳ್ಳಿಯೇ ‘ವಿದ್ಯುದೀಕರಣ’ ಆಯಿತೆಂದು 2004ರಲ್ಲಿ ಒಪ್ಪಿಕೊಂಡ ದೇಶ ನಮ್ಮದು.)

ಮೀಟರ್ ಬಂದರೆ ಹಿಂದೆಯೇ ಬಿಲ್ ಬರುತ್ತೆ ಎನ್ನುವ ಹಿರಿಯರ ಭಯ ಸುಳ್ಳಲ್ಲ. ಪಂಪಿಗೆ ಬೇಡ, ಪ್ರತಿ ಟಿಸಿಗೆ ಹಾಕಲಿ. ತಿಂಗಳ ರೀಡಿಂಗನ್ನು ಗ್ರಾಮ ಪಂಚಾಯ್ತಿ ಬೋರ್ಡಿನಲ್ಲಿ ಬರೆಯಲಿ. ರಾತ್ರಿ ಎರಡಕ್ಕೆ ತ್ರೀಫೇಸ್ ಕೊಟ್ಟು ನೀರು ಹಾಯಿಸಲು ನಮ್ಮನ್ನು ಎಬ್ಬಿಸುವವರು, ಎಷ್ಟು ತಾಸು ಕೊಟ್ಟೆವೆಂದೂ ಅದರ ಪಕ್ಕದಲ್ಲೇ ಬರೆಯಲಿ.