ರೈತನದು ಸುಸ್ತಿ, ಕಾರ್ಖಾನೆಯದು ಪೆಂಡಿಂಗು!

ಕಬ್ಬಿನ ಕಾಸು ತಡವಾದ ವರ್ಷ ಮಾಕವಳ್ಳಿಯಿಂದ ಕೆ.ಆರ್.ಪೇಟೆಗೆ ಬರುವ ಬಸ್ಸಿನಲ್ಲಿ ಯಾವ ಬೆಳೆಗಾರನನ್ನಾದರೂ ‘ದುಡ್ಡು ಬಂತಾ ಅಣ್ಣ?’ ಎಂದು ಕೇಳಿ. ‘ಎಲ್ಬಂತು ಕನಣ್ಣೋ, ಪೇಮೆಂಟ್ ಪೆಂಡಿಂಗ್ ಅದೆ’ ಎನ್ನುತ್ತಾನೆ. ಇದು ಯಾವುದೋ ಒಂದು ಕಾರ್ಖಾನೆಯ ಗೇಟಿನ ಮಾತಲ್ಲ. ಮಂಡ್ಯ ಜಿಲ್ಲೆಯ ಕಬ್ಬಿನ ಸೀಮೆಗೆಲ್ಲ ಬಾಯಿಪಾಠವಾಗಿರುವ ಮಾತು.

ಪೆಂಡಿಂಗ್ ಅಂದರೇನು? ಮಳೆ ತಡವಾದ ಹಾಗೆ ಕೇಳಿಸುತ್ತದೆ. ಯಾರ ತಪ್ಪೂ ಇಲ್ಲ, ಬಂದಾಗ ಬರುತ್ತದೆ! ನಿಜದಲ್ಲಿ ಅದು ಸಾಲ. ಬೆಳೆಗಾರ ಧಣಿ, ಕಾರ್ಖಾನೆ ಸಾಲಗಾರ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ ಕಟ್ಟಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಬರೆದಿತ್ತು. ಕೊಡದಿದ್ದರೆ ಕಂದಾಯ ಬಾಕಿಯಂತೆ ವಸೂಲಿ ಮಾಡಲೂ ದಾರಿ ಇಟ್ಟಿತ್ತು. ಆದರೆ ‘ಪೆಂಡಿಂಗ್’ ಮೇಲೆ ಬಡ್ಡಿ ಕೇಳಿದವರುಂಟೆ?

ಅದೇ ರೈತ ಸೊಸೈಟಿಯ ಕಂತು ತಪ್ಪಿಸಲಿ, ಆಗ ಇಂಗ್ಲಿಷ್ ಮಾಯ! ನೋಟೀಸಿನಲ್ಲಿ ಅಚ್ಚಾಗುವುದು ‘ಸುಸ್ತಿದಾರ’. ಆ ಮಾತು ಕೇಳಿದವನು ಹಬ್ಬದ ದಿನವೂ ತಲೆ ಎತ್ತಿ ಓಡಾಡುವುದಿಲ್ಲ. ಒಡವೆ ಅಡ ಇಟ್ಟಿದ್ದರಂತೂ ‘ಹರಾಜು’ ಎಂಬ ಮಾತು ಬರುತ್ತದೆ. ದೊಡ್ಡವರು ಕೊಡಬೇಕಾದ್ದಕ್ಕೆ ಮೆತ್ತನೆಯ ಇಂಗ್ಲಿಷು, ಬಡವ ಕೊಡಬೇಕಾದ್ದಕ್ಕೆ ಚುಚ್ಚುವ ಕನ್ನಡ.

‘ಬ್ರೇಕ್‌ಡೌನ್’ ಕೂಡ ಇದೇ ಜಾತಿಯದು. ಮಿಲ್ಲು ಕೆಟ್ಟು ನಿಂತರೆ ಕಡಿದ ಕಬ್ಬು ಗಾಡಿಯಲ್ಲೇ ಒಣಗುತ್ತದೆ, ತೂಕ ಇಳಿಯುತ್ತದೆ. ಕೆಟ್ಟದ್ದು ಯಂತ್ರ, ಹೋದದ್ದು ರೈತನ ಕಾಸು.

ಬಸ್ಸು, ಲೈಟು, ಟೀ ಎಲ್ಲ ಇಂಗ್ಲಿಷೇ, ಇರಲಿ ಬಿಡಿ. ಅದರಿಂದ ಯಾರ ಹೊಟ್ಟೆಯೂ ಉರಿಯುವುದಿಲ್ಲ. ಪೇಟೆಯ ಗೊಬ್ಬರದ ಅಂಗಡಿಯವರಿಗೆ, ದಿನಸಿ ಸೆಟ್ಟರಿಗೆ ಈ ಸಂಗತಿ ಚೆನ್ನಾಗಿ ಗೊತ್ತು. ‘ಕಬ್ಬಿನ ದುಡ್ಡು ಬರ್ಲಿ, ಕೊಡ್ತೀನಿ’ ಎಂದು ಒಯ್ದ ಮೂಟೆಯನ್ನು ಅವರು ಲೆಕ್ಕದ ಪುಸ್ತಕದಲ್ಲಿ ‘ಬಾಕಿ’ ಎಂದೇ ಬರೆಯುತ್ತಾರೆ. ಪೆಂಡಿಂಗ್ ಎಂದು ಬರೆದರೆ ಅಂಗಡಿ ಬಾಗಿಲು ಹಾಕಬೇಕಾದೀತು.

ಈ ಸಲ ಯಾರಾದರೂ ಬೆಳೆಗಾರ ಕಬ್ಬಿನ ಆಫೀಸಿನ ಕಿಟಕಿಗೆ ಹೋಗಿ ಪೇಮೆಂಟಿನ ಮಾತೆತ್ತದೆ, ‘ಸ್ವಾಮಿ, ನನ್ನ ಸಾಲ ಯಾವತ್ತು ತೀರಿಸ್ತೀರಿ? ಬಡ್ಡಿ ಎಷ್ಟಾಯ್ತು?’ ಎಂದು ಕೇಳಲಿ. ಗುಮಾಸ್ತರ ಮುಖ ನೋಡುವಂತಿರುತ್ತದೆ.