ಎರಡು ಜಾರ್ಜಿಯಾಗಳ ಆಟಗಾರ

ಭೂಪಟದಲ್ಲಿ ಜಾರ್ಜಿಯಾ ಎಂಬ ಹೆಸರಿನ ನಾಡುಗಳು ಎರಡಿವೆ. ಒಂದು ಅಮೆರಿಕದ ದಕ್ಷಿಣ ಭಾಗದ ರಾಜ್ಯ; ಅದರ ರಾಜಧಾನಿ ಅಟ್ಲಾಂಟಾ. ಇನ್ನೊಂದು ಕಪ್ಪು ಸಮುದ್ರದ ದಂಡೆಯಲ್ಲಿ, ಕಾಕಸಸ್ ಪರ್ವತಗಳ ಮಡಿಲಲ್ಲಿರುವ ಸುಮಾರು 37 ಲಕ್ಷ ಜನರ ಪುಟ್ಟ ದೇಶ. ಅದರ ರಾಜಧಾನಿ ಟಿಬಿಲಿಸಿ. ಎರಡನೆಯದರಲ್ಲಿ ಹುಟ್ಟಿ, ಮೊದಲನೆಯದರಲ್ಲಿ ಎಂಟು ಋತುಗಳ ಕಾಲ ದುಡಿದ ಬ್ಯಾಸ್ಕೆಟ್‌ಬಾಲ್ ಆಟಗಾರ ಜಾಜಾ ಪಚೂಲಿಯಾ ಅವರ ಬಾಳು ನಮ್ಮ ಮನೆಗಳಲ್ಲಿ ಮಕ್ಕಳೂ ಹಿರಿಯರೂ ಕುಳಿತು ಯೋಚಿಸಬೇಕಾದಂಥದು.

ಪಚೂಲಿಯಾ ಅವರು 1984ರ ಫೆಬ್ರವರಿಯಲ್ಲಿ ಜನಿಸಿದಾಗ ಅವರ ನಾಡು ಸೋವಿಯತ್ ಒಕ್ಕೂಟಕ್ಕೆ ಸೇರಿತ್ತು. 1991ರಲ್ಲಿ ಸ್ವಾತಂತ್ರ್ಯ ಬಂದಿತಾದರೂ ಅದರ ಬೆನ್ನಿಗೇ ಅಂತರ್ಯುದ್ಧವೂ ಬಂದಿತು. ವಿದ್ಯುತ್ತಿಗೂ ಚಳಿಗಾಲದ ಉರುವಲಿಗೂ ಜನ ಪರದಾಡಿದ ದಿನಗಳವು. ತಾಯಿಯೂ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿಯಾಗಿದ್ದ ಆ ಮನೆಯ ಬಾಲಕ, ಹದಿನೈದರ ಎಳೆಯ ಹರೆಯದಲ್ಲಿ ಭಾಷೆ ಬಾರದ ತುರ್ಕಿ ದೇಶದ ಇಸ್ತಾಂಬುಲ್ ನಗರಕ್ಕೆ ಹೋಗಿ ಉಲ್ಕರ್‌ಸ್ಪೋರ್ ತಂಡವನ್ನು ಸೇರಿದನು.

2003ರಲ್ಲಿ ಅಮೆರಿಕದ ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಆರಿಸಿದಾಗ ಅವರ ಹೆಸರು ಬಂದದ್ದು 42ನೆಯದಾಗಿ. ಕರೆದ ತಂಡ ಒರ್ಲ್ಯಾಂಡೊ. ಮರುವರ್ಷವೇ ಷಾರ್ಲಟ್ ತಂಡ ಅವರನ್ನು ತೆಗೆದುಕೊಂಡು, ಒಂದು ಪಂದ್ಯವನ್ನೂ ಆಡಿಸದೆ ಮಿಲ್ವಾಕಿಗೆ ಕೊಟ್ಟುಬಿಟ್ಟಿತು. ಮುಂದೆ 2005ರಿಂದ 2013ರವರೆಗೆ ಅಟ್ಲಾಂಟಾ, ಮತ್ತೆ ಮಿಲ್ವಾಕಿ, ಡಲ್ಲಾಸ್, ಗೋಲ್ಡನ್ ಸ್ಟೇಟ್, ಕೊನೆಗೆ ಡೆಟ್ರಾಯಿಟ್. 2011ರಲ್ಲಿ ವೇತನ ವಿವಾದದಿಂದ ಎನ್‌ಬಿಎ ಪಂದ್ಯಗಳು ನಿಂತಿದ್ದಾಗ ಮತ್ತೆ ಇಸ್ತಾಂಬುಲಿಗೆ ಹೋಗಿ ಗಲಾಟಸರಾಯ್ ತಂಡದಲ್ಲಿ ಆಡಿದರು. ಹೀಗೆ ಅಮೆರಿಕದಲ್ಲಿ 16 ಋತುಗಳು, ಸಾವಿರಕ್ಕೂ ಮೀರಿದ ಪಂದ್ಯಗಳು.

ಆದರೆ ಪಂದ್ಯವೊಂದಕ್ಕೆ ಅವರು ಗಳಿಸಿದ ಅಂಕಗಳ ಸರಾಸರಿ ಏಳಕ್ಕಿಂತ ಕಡಿಮೆ! ಹಾಗಿದ್ದೂ ತಂಡಗಳು ಅವರನ್ನು ಬಯಸಿದ್ದೇಕೆ? ಗುರಿ ತಪ್ಪಿ ಪುಟಿದು ಬರುವ ಚೆಂಡಿಗಾಗಿ ಮೈಯೊಡ್ಡಿ ಹೋರಾಡುವುದು, ತನ್ನವನನ್ನು ಬೆನ್ನಟ್ಟಿ ಬರುವ ಎದುರಾಳಿಯ ದಾರಿಗೆ ಗೋಡೆಯಂತೆ ಅಡ್ಡ ನಿಲ್ಲುವುದು ಅವರ ಪಾಲಿನ ಕೆಲಸಗಳಾಗಿದ್ದವು. ಚೆಂಡನ್ನು ಬುಟ್ಟಿಗೆ ಹಾಕಿದವನಿಗೆ ಚಪ್ಪಾಳೆ. ಅವನಿಗೆ ಎಡೆ ಮಾಡಿಕೊಟ್ಟವನನ್ನು ಕಾಣುವವರು ಬಲ್ಲವರು ಮಾತ್ರ. 2016ರಲ್ಲಿ ಹಿಂದಿನ ವರ್ಷಕ್ಕಿಂತ ಕಡಿಮೆ ಸಂಬಳಕ್ಕೆ ಒಪ್ಪಿ ಗೋಲ್ಡನ್ ಸ್ಟೇಟ್ ತಂಡವನ್ನು ಸೇರಿದ ಅವರು, ಸ್ಟೀಫನ್ ಕರಿ, ಕೆವಿನ್ ಡ್ಯುರಾಂಟ್ ಮೊದಲಾದ ಘಟಾನುಘಟಿಗಳ ಜೊತೆಯಲ್ಲಿ 2017 ಮತ್ತು 2018ರ ಪ್ರಶಸ್ತಿಗಳಲ್ಲಿ ಪಾಲುಗೊಂಡರು.

ತಾಯ್ನಾಡಿನ ಅಭಿಮಾನವನ್ನು ಕೇಳಬೇಕೆ? 2016ರಲ್ಲಿ ತಾರಾ ಆಟಗಾರರ ಪಂದ್ಯಕ್ಕೆ ಅಭಿಮಾನಿಗಳು ಮತ ಹಾಕಿದಾಗ ಪಚೂಲಿಯಾ ಅವರಿಗೆ ಏಳೂವರೆ ಲಕ್ಷಕ್ಕೂ ಹೆಚ್ಚು ಮತಗಳು ಬಿದ್ದವು. ಸುಮಾರು 14,000 ಮತಗಳ ಅಂತರದಲ್ಲಿ ಸ್ಥಾನ ತಪ್ಪಿತು. ಮರುವರ್ಷದಿಂದ ಆಟಗಾರರಿಗೂ ಪತ್ರಕರ್ತರಿಗೂ ಮತದ ಹಕ್ಕನ್ನು ಕೊಟ್ಟು ನಿಯಮವನ್ನೇ ಬದಲಿಸಲಾಯಿತು.

ಇಷ್ಟಕ್ಕೇ ನಿಲ್ಲಿಸಿದರೆ ಚಿತ್ರ ಪೂರ್ಣವಾಗದು. 2017ರ ಮೇ ತಿಂಗಳಲ್ಲಿ ಸ್ಯಾನ್ ಆಂಟೋನಿಯೊ ತಂಡದ ಕವಾಯ್ ಲೆನಾರ್ಡ್ ಅವರು ನೆಗೆದು ಚೆಂಡೆಸೆದು ಇಳಿಯುವಾಗ ಪಚೂಲಿಯಾ ಅವರ ಪಾದ ಅವರ ಕಾಲಡಿಗೆ ಸಿಕ್ಕಿತು. ಕಣಕಾಲು ಉಳುಕಿದ ಲೆನಾರ್ಡ್ ಆ ಋತುವಿನಲ್ಲಿ ಮತ್ತೆ ಆಡಲಿಲ್ಲ. ಭಾರಿ ಮುನ್ನಡೆ ಪಡೆದಿದ್ದ ಅವರ ತಂಡ ಸೋತಿತು. ಬೇಕೆಂದು ಮಾಡಿದ್ದಲ್ಲವೆಂದು ಪಚೂಲಿಯಾ ಹೇಳಿದರು; ಎದುರು ತಂಡದ ತರಬೇತುದಾರರು ಒಪ್ಪಲಿಲ್ಲ. ಹೆಂಡತಿ ಮಕ್ಕಳಿಗೂ ಬೆದರಿಕೆಗಳು ಬಂದವು. ಇಳಿಯುವವನಿಗೆ ಎಡೆ ಬಿಡದಿದ್ದರೆ ಹೆಚ್ಚಿನ ದಂಡ ವಿಧಿಸುವ ನಿಯಮ ಮುಂದಿನ ಋತುವಿನಿಂದ ಜಾರಿಗೆ ಬಂದಿತು. ಒಬ್ಬನ ಅಂತರಂಗದ ಉದ್ದೇಶ ಅವನಿಗೇ ಗೊತ್ತು. ಆದರೆ ಹದಿನಾಲ್ಕು ವರ್ಷಗಳ ಬೆವರನ್ನು ಮರೆಸಲು ಒಂದೇ ಹೆಜ್ಜೆ ಸಾಕಾಯಿತೆಂಬುದು ವಿಚಾರಯೋಗ್ಯ. ಗಾಯಗೊಂಡವನ ನೋವು ನಿಜ. ಹಾಗೆಂದು ಆಡಿದವನ ಎಳೆಯ ಮಕ್ಕಳನ್ನು ಹೆದರಿಸುವುದು ಯಾವ ನ್ಯಾಯ?

2019ರಲ್ಲಿ ಆಟದಿಂದ ನಿವೃತ್ತರಾದ ಅವರನ್ನು ಗೋಲ್ಡನ್ ಸ್ಟೇಟ್ ತಂಡವೇ ಸಲಹೆಗಾರರನ್ನಾಗಿ ಕರೆಯಿತು. ದೇಶದ ತಂಡವನ್ನು ಅವರು ಮರೆತವರಲ್ಲ. 2011ರಲ್ಲಿ ಜಾರ್ಜಿಯಾ ಮೊದಲ ಬಾರಿಗೆ ಯುರೋಪಿನ ಚಾಂಪಿಯನ್‌ಷಿಪ್‌ನಲ್ಲಿ ಆಡಿದಾಗ ಅವರು ಆ ತಂಡದಲ್ಲಿದ್ದರು. ಅದೇ ಜಾರ್ಜಿಯಾ 2023ರಲ್ಲಿ ಮೊದಲ ಬಾರಿ ವಿಶ್ವಕಪ್‌ಗೆ ಬಂದಿತು. 2025ರ ಯುರೋಪಿನ ಪಂದ್ಯಾವಳಿಯಲ್ಲಿ ಫ್ರಾನ್ಸನ್ನು ಮಣಿಸಿ ಎಂಟರ ಘಟ್ಟವನ್ನು ಮುಟ್ಟಿತು.

ನಮ್ಮ ಮಕ್ಕಳೆಲ್ಲರೂ ಮೊದಲ ಸ್ಥಾನಕ್ಕೇ ಬರಬೇಕೆಂದು ನಾವು ಹಂಬಲಿಸುತ್ತೇವೆ. ನಲವತ್ತೆರಡನೆಯವನಾಗಿ ಕರೆಸಿಕೊಂಡವನೂ ತನ್ನ ಪಾಲಿನ ಕೆಲಸವನ್ನು ಬಿಡದೆ ಮಾಡಿದರೆ ಹದಿನಾರು ವರ್ಷ ಬೇಕಾದವನಾಗಿ ಉಳಿಯಬಲ್ಲ. ಮಗುವಿನ ಅಂಕಪಟ್ಟಿಯನ್ನು ಕೈಗೆತ್ತಿಕೊಳ್ಳುವ ತಂದೆತಾಯಿಯರು ಈ ಮಾತನ್ನು ನೆನೆಯಲಿ.