ಕಪ್ಪು ಕಿಟಕಿ ಮುಚ್ಚಿದರೆ ಮೋಸವೇ?

ಆಟದ ಹಿಂದೆ ತೆರೆದುಕೊಳ್ಳುವ ಕಪ್ಪು ಕನ್ಸೋಲ್ ಕಿಟಕಿಯನ್ನು ಅಡಗಿಸುವುದು ಬಳಕೆದಾರರಿಂದ ಸತ್ಯ ಮುಚ್ಚಿಟ್ಟಂತೆ ಎಂದು ಕಳೆದ ಸಂಚಿಕೆಯ ಲೇಖಕರು ಬರೆದಿದ್ದಾರೆ. ನಾನು ಒಪ್ಪಲಾರೆ.

ಕಡಲೆಕಾಯಿ ಪರಿಷೆಯ ಮೇಲೆ ನಾವು ಮಾಡಿದ ಪುಟ್ಟ ಆಟವನ್ನು ಗಾಂಧಿ ಬಜಾರಿನ ಮನೆಯೊಂದರಲ್ಲಿ ಮಕ್ಕಳಿಗೆ ಕೊಟ್ಟಿದ್ದೆವು. ಹುಡುಗಿಯೊಬ್ಬಳು ಅಡ್ಡ ಬಂದ ಆ ಕಪ್ಪು ಕಿಟಕಿಯನ್ನು ಮುಚ್ಚಿದಳು. ಆಟವೂ ನಿಂತುಹೋಯಿತು. ಕಂಪ್ಯೂಟರ್ ಕೆಡಿಸಿದೆನೆಂದು ಅವಳು ಅತ್ತಳು. ಅವಳಿಗೆ ಅಲ್ಲಿ ಯಾವ ಸತ್ಯ ಕಾಣಬೇಕಿತ್ತು? ಅಲ್ಲಿ ಕನ್ನಡದಲ್ಲೇ ಬರೆದರೂ, ವಿಂಡೋಸ್‌ನ ಹಳೆಯ ಕನ್ಸೋಲ್‌ಗೆ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸಲೂ ಬರುವುದಿಲ್ಲ.

ಆದರೆ ಅಡಗಿಸುವ ಕೆಲಸ ಅರೆಬರೆ ಆಗಬಾರದು. ಆಟ ಶುರುವಾದ ಮೇಲೆ ಕಿಟಕಿಯನ್ನು ಮರೆಮಾಡಿದರೆ ಅದು ಕ್ಷಣಕಾಲ ಮಿಂಚಿಯೇ ಮಿಂಚುತ್ತದೆ. ಸಿ++ನಲ್ಲಿ ಲಿಂಕ್ ಮಾಡುವಾಗಲೇ ಸಬ್‌ಸಿಸ್ಟಮ್ ಅನ್ನು ಕನ್ಸೋಲ್ ಬದಲು ವಿಂಡೋಸ್ ಎಂದು ಬರೆದರೆ ಕಿಟಕಿ ಹುಟ್ಟುವುದೇ ಇಲ್ಲ.

ಲೇಖಕರ ಆತಂಕಕ್ಕೆ ಒಂದು ಕಡೆ ಆಧಾರವಿದೆ. ಪೈಥಾನ್ ಆಟವನ್ನು ಕನ್ಸೋಲ್ ತೆರೆಯದ ಪೈಥಾನ್‌ಡಬ್ಲ್ಯೂ ಮೂಲಕ ಓಡಿಸಿದರೆ ಪ್ರಿಂಟ್ ಮಾಡಿದ್ದೆಲ್ಲ ಸದ್ದಿಲ್ಲದೆ ಕಳೆದುಹೋಗುತ್ತದೆ, ದೋಷದ ಸುಳಿವೂ ಉಳಿಯುವುದಿಲ್ಲ. ಇದು ನಿಜಕ್ಕೂ ತಪ್ಪು. ಆದರೆ ಅದಕ್ಕೆ ಪರಿಹಾರ ಲಾಗ್ ಕಡತ, ಕಪ್ಪು ಕಿಟಕಿಯಲ್ಲ. ಆಟದ ಎಂಜಿನ್‌ಗಳಲ್ಲಿ ಗೊಡಾಟ್ ಡೆಸ್ಕ್‌ಟಾಪ್‌ನಲ್ಲಿ ತಾನಾಗಿಯೇ ಲಾಗ್ ಬರೆಯುತ್ತದೆ, ಯೂನಿಟಿಯೂ ಪ್ಲೇಯರ್ ಲಾಗ್ ಇಡುತ್ತದೆ. ಆ ಕಡತ ಯುಟಿಎಫ್-8ರಲ್ಲಿದ್ದರೆ ಕನ್ನಡವೂ ಸುರಕ್ಷಿತ.

ಆಟ ಕಟ್ಟುವವರಿಗೆ ಕನ್ಸೋಲ್ ಬೇಕು. ಗೊಡಾಟ್ ಅದಕ್ಕಾಗಿಯೇ ವಿಂಡೋಸ್‌ಗೆ ಬೇರೊಂದು ಕನ್ಸೋಲ್ ಕಡತ ಕೊಡುತ್ತದೆ. ಆಡುವ ಮಗುವಿಗೆ ಬೇಕಾದದ್ದು, ಆಟ ಕೆಟ್ಟರೆ ಏನಾಯಿತೆಂದು ಕನ್ನಡದಲ್ಲಿ ಹೇಳುವ ಒಂದು ಸಂದೇಶ. ಲೇಖಕರು ಅದಕ್ಕಾಗಿ ಒತ್ತಾಯಿಸಲಿ, ನಾನೂ ದನಿಗೂಡಿಸುತ್ತೇನೆ.